ಸ್ಪೇನಿನ ಮೆರವಣಿಗೆಯಲ್ಲಿ ಆ ಚೂಪು ಟೊಪ್ಪಿ ಯಾಕೆ?

ಈಸ್ಟರ್‌ಗೆ ಮುಂಚಿನ ವಾರ ಸ್ಪೇನಿನ ಕ್ಯಾಥೊಲಿಕರು ಕು ಕ್ಲಕ್ಸ್ ಕ್ಲಾನ್ (ಕರಿಯರನ್ನು ಹಿಂಸಿಸುತ್ತಿದ್ದ, ಚೂಪು ಟೊಪ್ಪಿಯ ಅಮೆರಿಕದ ಬಿಳಿಯರ ಗುಂಪು) ವೇಷ ಹಾಕಿಕೊಂಡು ಮೆರವಣಿಗೆ ಹೋಗುವುದೇಕೆ ಎಂದು ಕೇಳಿದ್ದೀರಿ. ಸೆವಿಲ್ ನಗರದಲ್ಲಿ ಮೊದಲ ಸಲ ನೋಡಿದಾಗ ನನಗೂ ಎದೆ ಧಸಕ್ಕೆಂದಿತ್ತು. ಆದರೆ ಕ್ಲಾನ್ ಹುಟ್ಟಿದ್ದೇ 1865ರಲ್ಲಿ. ಸೆವಿಲ್‌ನವರ ಟೊಪ್ಪಿ ಅದಕ್ಕಿಂತ ಬಹಳ ಹಳೆಯದು.

ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹಿಗಳನ್ನು ಹುಡುಕಿ ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಮಂಡಳಿಯ ಕಾಲದಲ್ಲಿ ಅಪರಾಧಿ ಅನ್ನಿಸಿಕೊಂಡವರ ತಲೆಗೆ ಉದ್ದನೆಯ ಕಾಗದದ ಟೊಪ್ಪಿ ಇಟ್ಟು ಊರ ಮುಂದೆ ನಡೆಸುತ್ತಿದ್ದರು. ಮಾನ ಕಳೆಯುವ ಟೊಪ್ಪಿ ಅದು. ಪ್ರಾಯಶ್ಚಿತ್ತದ ಸಂಘಗಳವರು ಅದನ್ನೇ ತಾವಾಗಿ ತಲೆಗೇರಿಸಿಕೊಂಡು, ಮೇಲಿಂದ ಬಟ್ಟೆ ಇಳಿಬಿಟ್ಟು ಮುಖ ಮುಚ್ಚಿಕೊಂಡರು. ನಾನು ಪಾಪಿ ಅಂತ ಊರಿಗೆ ಗೊತ್ತಾಗಲಿ, ಯಾವ ಪಾಪಿ ಅಂತ ಗೊತ್ತಾಗುವುದು ಬೇಡ! ತಪಸ್ಸು ಮಾಡಿ ಶಹಬ್ಬಾಸ್‌ಗಿರಿ ಗಿಟ್ಟಿಸಿದರೆ ಅದು ತಪಸ್ಸೇ?

ಮೊದಲೆಲ್ಲ ಚಾಟಿಯೂ ಇತ್ತು. 1260ರಲ್ಲಿ ಇಟಲಿಯ ಪೆರೂಜಾ ನಗರದಲ್ಲಿ ಜನ ಬೀದಿಗಿಳಿದು ಬೆನ್ನಿಗೆ ಬಾರಿಸಿಕೊಂಡದ್ದು ಊರಿಂದೂರಿಗೆ ಹಬ್ಬಿತು. ಪ್ಲೇಗು ಬಂದಾಗ ಅದು ಅತಿರೇಕಕ್ಕೆ ಹೋಗಿ, 1349ರಲ್ಲಿ ಪೋಪ್ ಆರನೇ ಕ್ಲೆಮೆಂಟ್ ಖಂಡಿಸಬೇಕಾಯಿತು. ಸಂಘಗಳ ಶಿಸ್ತಿನೊಳಗೆ ಮಾತ್ರ ಚಾಟಿ ಉಳಿದುಕೊಂಡಿತು. ಸ್ಪೇನಿನಲ್ಲಿ ಅದನ್ನು ನಿಷೇಧಿಸಿದ್ದು ದೊರೆ ಮೂರನೇ ಕಾರ್ಲೋಸ್, 1777ರಲ್ಲಿ. ಆದರೂ ಲಾ ರಿಯೋಹಾ ಪ್ರಾಂತದ ಸಾನ್ ವಿಸೆಂತೆ ಎಂಬ ಊರಲ್ಲಿ ಇವತ್ತಿಗೂ ಮುಖ ಮುಚ್ಚಿಕೊಂಡು ಹತ್ತಿನೂಲಿನ ಲಡಿಯಿಂದ ಬೆನ್ನಿಗೆ ಹೊಡೆದುಕೊಳ್ಳುತ್ತಾರೆ. ಚರ್ಮ ಬಾತುಕೊಂಡ ಮೇಲೆ, ಗಾಜಿನ ಚೂರು ಹುದುಗಿಸಿದ ಮೇಣದ ಉಂಡೆಯಿಂದ ಇನ್ನೊಬ್ಬ ಚುಚ್ಚಿ ರಕ್ತ ಇಳಿಸುತ್ತಾನೆ.

ಸೆವಿಲ್‌ನಲ್ಲಿ ರಕ್ತ ಇಲ್ಲ, ಮೇಣ ಇದೆ. ಮುಖ ಮುಚ್ಚಿದವರು ಕೈಯಲ್ಲಿ ಉದ್ದನೆಯ ಮೇಣದಬತ್ತಿ ಹಿಡಿದು ಗಂಟೆಗಟ್ಟಲೆ ನಡೆಯುತ್ತಾರೆ. ರಸ್ತೆಬದಿಯ ಮಕ್ಕಳು ಅಡ್ಡ ಬಂದು, ಬೆಳ್ಳಿಕಾಗದದ ಉಂಡೆ ಚಾಚಿ ತೊಟ್ಟಿಕ್ಕುವ ಮೇಣ ಹಿಡಿಯುತ್ತಾರೆ. ವರ್ಷದಿಂದ ವರ್ಷಕ್ಕೆ ಉಂಡೆ ದಪ್ಪವಾಗುತ್ತದೆ. ಶಿಲುಬೆ ಹೊತ್ತವರನ್ನು ಗುರುತಿಸುವುದು ಸುಲಭ: ಅವರ ಟೊಪ್ಪಿಯೊಳಗೆ ರಟ್ಟು ಇರುವುದಿಲ್ಲ, ಬಟ್ಟೆ ಬೆನ್ನಿಗೆ ಜೋತುಬಿದ್ದಿರುತ್ತದೆ. ಸುತ್ತ ಜಾತ್ರೆ, ಬಾರು, ಮೊಬೈಲು ಎಲ್ಲ ಇವೆ. ಹಾಗಂತ ಇದು ಬರೀ ಪ್ರವಾಸಿಗರ ತಮಾಷೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮನೆಯಿಂದ ಹೋಗುವಾಗ, ಬರುವಾಗಲೂ ಮುಖ ತೋರಿಸದೆ ಹತ್ತಿರದ ದಾರಿ ಹಿಡಿಯಬೇಕೆಂಬುದು ಹಲವು ಸಂಘಗಳ ನಿಯಮ. ನಡುರಾತ್ರಿ ಗಲ್ಲಿಯೊಂದರಲ್ಲಿ ಬರಿಗಾಲಲ್ಲಿ ಬಂದವರೊಬ್ಬರು ನಿಲುವಂಗಿಯೊಳಗಿಂದ ಬೀಗದ ಕೈ ತಡಕಿ ತೆಗೆದು, ಟೊಪ್ಪಿ ತಾಗದಂತೆ ಬಗ್ಗಿ ಒಳಗೆ ಹೋದರು. ಗಂಡಸೋ ಹೆಂಗಸೋ ಅಂತಲೂ ನನಗೆ ತಿಳಿಯಲಿಲ್ಲ.