ಹಳೆಯ ಸಿನಿಮಾ ಯೂಟ್ಯೂಬ್‌ನಲ್ಲೇ ಸಿಗುವಾಗ ಕಲಾ ಮ್ಯೂಸಿಯಂಗಳು ಯಾಕೆ ತೋರಿಸುತ್ತವೆ?

ಯೂಟ್ಯೂಬ್‌ನಲ್ಲಿ ಸಿಗುವುದು ಎಷ್ಟೋ ಸಲ ಪ್ರತಿಯ ಪ್ರತಿ. ಮ್ಯೂಸಿಯಂಗಳು ಸಿನಿಮಾವನ್ನೂ ಕಲಾಕೃತಿಯಂತೆ ಕಾಪಾಡುತ್ತವೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1935ರಲ್ಲೇ ಫಿಲ್ಮ್ ಲೈಬ್ರರಿ ಶುರು ಮಾಡಿತು. ಸುಮ್ನೆ ಡಬ್ಬಿಯಲ್ಲಿಟ್ಟರೆ ಏನು ಬಂತು, ತೆರೆಯ ಮೇಲೆ ಓಡಬೇಕಲ್ವಾ?

ಓಡಿಸುವುದು ಸುಲಭವೂ ಅಲ್ಲ. 1950ರ ಆಸುಪಾಸಿನವರೆಗೆ 35 ಎಂಎಂ ಫಿಲ್ಮ್ ಹೆಚ್ಚಾಗಿ ನೈಟ್ರೇಟ್ ಎಂಬ, ಬೇಗ ಬೆಂಕಿ ಹಿಡಿಯುವ ವಸ್ತುವಿನದು. ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಹೊಸ ಪ್ರಿಂಟ್ ಅಥವಾ ಡಿಜಿಟಲ್ ಪ್ರತಿಯನ್ನು ತೋರಿಸುತ್ತಾರೆ.

ಮೂಕಿ ಚಿತ್ರಗಳದ್ದು ಇನ್ನೊಂದು ತಾಪತ್ರಯ. ಎಷ್ಟೋ ಚಿತ್ರಗಳನ್ನು ತೆಗೆದದ್ದು ಸೆಕೆಂಡಿಗೆ 16ರಿಂದ 20 ಫ್ರೇಮಿನಲ್ಲಿ. ಮಾತಿನ ಚಿತ್ರಗಳ ವೇಗವಾದ 24ರಲ್ಲಿ ಓಡಿಸಿದರೆ ಜನ ಕೀಲುಗೊಂಬೆಗಳಂತೆ ಪಟಪಟ ಓಡಾಡುತ್ತಾರೆ. ನೀವೂ ನೋಡಿ ನಕ್ಕಿರುತ್ತೀರಿ. ಒಳ್ಳೆಯ ಮ್ಯೂಸಿಯಂನಲ್ಲಿ ವೇಗ ಸರಿಮಾಡಿ, ಪಕ್ಕದಲ್ಲಿ ಪಿಯಾನೋ ನುಡಿಸುವವರನ್ನೂ ಕೂರಿಸುತ್ತಾರೆ.