ಕೌಂಟರಿಗೆ ಮೊದಲು ಸಿಗುವ ಆ ಬಿಳಿ ಕೂದಲಿನವರು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಥಾಯ್ಲೆಂಡಿನ ವೀಸಾ ಕಚೇರಿಯ ಸುತ್ತಲೇ ಇವೆ. ಯಜಮಾನರ ಕೆಲಸದ ದೆಸೆಯಿಂದ ನಾನು ಏಳು ವರ್ಷ ಅಲ್ಲಿದ್ದೆ, ಅದಕ್ಕೇ ಸಂಪಾದಕರು ಇವನ್ನೆಲ್ಲ ನನ್ನ ಕಡೆ ತಳ್ಳಿದ್ದಾರೆ.

ಪ್ರಶ್ನೆ: ಮೇಡಂ, ನಾವು ಹಾಸನದವರು. ಯಜಮಾನರಿಗೆ ವರ್ಗವಾಗಿ ಚೋನ್‌ಬುರಿಗೆ ಬಂದಿದ್ದೇವೆ. ಮೊನ್ನೆ ನನ್ನ ವೀಸಾ ಮುಂದುವರಿಸಲು ಇಮಿಗ್ರೇಶನ್ ಕಚೇರಿಗೆ ಹೋದರೆ ಬಾಗಿಲ ಹತ್ತಿರ ಒಬ್ಬ ವಯಸ್ಸಾದ ವಿದೇಶಿ, ಕುತ್ತಿಗೆಗೆ ಕಾರ್ಡ್ ಹಾಕಿಕೊಂಡು ನಿಂತಿದ್ದರು. ನನ್ನ ಕಾಗದಗಳನ್ನೆಲ್ಲ ತಿರುವಿ ನೋಡಿ, ಇವತ್ತು ಆಗಲ್ಲ, ಎರಡು ಕಾಪಿ ಕಮ್ಮಿ ಇದೆ ಅಂದುಬಿಟ್ಟರು. ಅವರು ಅಧಿಕಾರಿಯೂ ಅಲ್ಲ, ಥಾಯ್ ಜನವೂ ಅಲ್ಲ. ಅವರ ಮಾತು ಕೇಳಬೇಕಾ? ದುಡ್ಡು ಕೊಡಬೇಕಿತ್ತಾ?

ಉತ್ತರ: ಅವರ ಮಾತು ಕೇಳಿ, ಆದರೆ ದುಡ್ಡು ಕೊಡಬೇಡಿ. ಅವರು ಸ್ವಯಂಸೇವಕರು. ಫುಕೆಟ್‌ನಲ್ಲಿ, ಪಟ್ಟಾಯದ ಪಕ್ಕದ ಜೊಮ್ತಿಯೆನ್‌ನಲ್ಲಿ ಇಂಥವರನ್ನು ಕಾಣಬಹುದು. ಹೆಚ್ಚಿನವರು ನಿವೃತ್ತಿಯಾದ ಮೇಲೆ ಅಲ್ಲಿಗೆ ಬಂದು ನೆಲೆಸಿದ ಪಾಶ್ಚಾತ್ಯರು. ತಾವೇ ವರ್ಷ ವರ್ಷ ಅದೇ ಸಾಲಿನಲ್ಲಿ ನಿಂತು ಬೈಸಿಕೊಂಡು ಕಲಿತವರು. ವಿದೇಶಿಯರಿಗೆ ಥಾಯ್ ಬರಲ್ಲ, ಕೌಂಟರಿನ ಹುಡುಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಈ ನಡುವೆ ಒಬ್ಬರು ನಿಂತು ಫಾರಂ ಸರಿ ಇದೆಯಾ, ಸಹಿ ಬಿದ್ದಿದೆಯಾ ಅಂತ ನೋಡಿದರೆ ಇಬ್ಬರಿಗೂ ತಲೆನೋವು ಕಮ್ಮಿ ಅಂತ ಕಚೇರಿಯವರೇ ಅವರನ್ನು ಇಟ್ಟುಕೊಂಡಿರುತ್ತಾರೆ.

ನಿಮ್ಮನ್ನು ವಾಪಸ್ ಕಳಿಸಿದ್ದಕ್ಕೆ ಬೇಜಾರಾಗಬೇಡಿ. ನನ್ನ ಕಥೆ ಹೇಳುತ್ತೇನೆ. ಮೊದಲ ವರ್ಷ ನಾನು ಹೋದ ಕಚೇರಿಯಲ್ಲಿ ಇಂಥವರು ಯಾರೂ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ಹೋಗಿ ಟೋಕನ್ ತೆಗೆದುಕೊಂಡು ಕೂತೆ. ಹನ್ನೊಂದೂವರೆಗೆ ನನ್ನ ನಂಬರ್ ಬಂತು. ಒಳಗಿನವರು ಹಾಳೆ ತಿರುವಿದರು, ಕೊನೆಯ ಸಲ ದೇಶದೊಳಗೆ ಬಂದಾಗ ಹಾಕಿದ ಮುದ್ರೆಯ ಪುಟದ ಜೆರಾಕ್ಸ್ ಇಲ್ಲ ಅಂತ ಬೆರಳು ತೋರಿಸಿದರು. ಓಡಿ ಹೋಗಿ ಕಾಪಿ ಮಾಡಿಸಿಕೊಂಡು ಬರುವಷ್ಟರಲ್ಲಿ ಹನ್ನೆರಡು, ಊಟದ ಹೊತ್ತು. ಒಂದು ಗಂಟೆಗೆ ಬಂದರೆ ಹೊಸ ಟೋಕನ್. ಐದು ಪೈಸೆಯ ತಪ್ಪಿಗೆ ಇಡೀ ದಿನ ಹೋಯಿತು. ಆ ಅಜ್ಜ ನಿಮ್ಮನ್ನು ಟೋಕನ್ ತೆಗೆದುಕೊಳ್ಳುವ ಮೊದಲೇ ತಡೆದರಲ್ಲ, ಅದೇ ದೊಡ್ಡ ಉಪಕಾರ.

ಸಾಮಾನ್ಯವಾಗಿ ಅವರು ಹುಡುಕುವುದು ಇಷ್ಟು: ಟಿಎಂ 7 ಅನ್ನುವ ಅರ್ಜಿ, 4x6 ಸೆಂಟಿಮೀಟರ್ ಫೋಟೋ, ಪಾಸ್‌ಪೋರ್ಟಿನ ಫೋಟೋ ಪುಟ, ವೀಸಾ ಪುಟ, ಒಳಬಂದ ಮುದ್ರೆಯ ಪುಟ, ಕೈಯಲ್ಲಿ ಅಲ್ಲಿನ ದುಡ್ಡಿನಲ್ಲಿ 1,900 ಬಾತ್ ಶುಲ್ಕ. ಪ್ರತಿ ಕಾಪಿಯ ಮೇಲೂ ನಿಮ್ಮ ಸಹಿ ಇರಬೇಕು, ನೀಲಿ ಪೆನ್ನಿನಲ್ಲೇ ಮಾಡಿಬಿಡಿ. ಇನ್ನೊಂದು ಮಜಾ, ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ಬೌದ್ಧ ಶಕೆ ಇರುತ್ತದೆ, ನಮ್ಮ ಇಸವಿಗೆ 543 ಕೂಡಿಸಬೇಕು. 2025 ಅಂದರೆ 2568. ಅಷ್ಟು ದೊಡ್ಡ ಇಸವಿ ನೋಡಿ ನನ್ನ ಅತ್ತೆ, ಇವರು ನಮಗಿಂತ ಐನೂರು ವರ್ಷ ಮುಂದಿದ್ದಾರಲ್ಲೇ ಅಂದಿದ್ದರು.

ಈಗ ನಿಜವಾದ ತೊಂದರೆಗೆ ಬರುತ್ತೇನೆ, ಇದನ್ನು ಆ ಅಜ್ಜ ಹೇಳಲಾರರು. ಅವರು ಅರೆದು ಕುಡಿದಿರುವುದು ನಿವೃತ್ತಿ ವೀಸಾ, ಯಾಕೆಂದರೆ ಅವರದ್ದು ಅದು. ನಿಮ್ಮದು ಗಂಡನ ಕೆಲಸದ ಮೇಲೆ ನಿಂತ ವೀಸಾ. ಅದಕ್ಕೆ ಮದುವೆಯ ಸರ್ಟಿಫಿಕೇಟ್ ಬೇಕು, ಅದು ನಮ್ಮ ಕಡೆ ದೃಢೀಕರಣವಾಗಿ, ಥಾಯ್ ಭಾಷೆಗೆ ಅನುವಾದವಾಗಿರಬೇಕು. ಮದುವೆಯಾಗಿ ಹದಿನೈದು ವರ್ಷವಾದರೂ ರಿಜಿಸ್ಟರ್ ಮಾಡಿಸದೆ, ಲಗ್ನಪತ್ರಿಕೆ ಮತ್ತು ಆಲ್ಬಂ ಹಿಡಿದು ಬಂದ ನಮ್ಮವರನ್ನೇ ನಾನು ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ಕಾಡುವುದು ನಮ್ಮ ಇನಿಶಿಯಲ್. ಸರ್ಟಿಫಿಕೇಟಿನಲ್ಲಿ ಎಚ್.ಎಸ್. ಅಂತ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಊರ ಹೆಸರು, ಅಪ್ಪನ ಹೆಸರು. ಕೆಲವರ ಪಾಸ್‌ಪೋರ್ಟಿನಲ್ಲಂತೂ ಸರ್‌ನೇಮ್ ಜಾಗ ಖಾಲಿ. ಇದು ಒಬ್ಬರೇ ಮನುಷ್ಯ ಅಂತ ಇಂಗ್ಲೆಂಡಿನ ಅಜ್ಜನಿಗೂ ಗೊತ್ತಾಗಲ್ಲ, ಥಾಯ್ ಅಧಿಕಾರಿಗೂ ಗೊತ್ತಾಗಲ್ಲ. ಒಮ್ಮೆ ಒಬ್ಬ ಸ್ವಯಂಸೇವಕರು ನನ್ನ ಪಾಸ್‌ಪೋರ್ಟ್ ನೋಡಿ ಪಾಪ ತುಂಬ ಸಮಾಧಾನದಿಂದ ಕೇಳಿದ್ದರು, ಹಾಸನ ಅನ್ನುವುದು ನಿಮ್ಮ ಗಂಡನಾ ಅಂತ. ಊರಿಗೆ ಹೋದಾಗ ಎರಡೂ ಕಾಗದದಲ್ಲಿ ಹೆಸರು ಒಂದೇ ಥರ ಮಾಡಿಸಿಕೊಂಡು ಬನ್ನಿ. ಊರಿನಲ್ಲಿದ್ದು ಮಾಡಿಸುವ ಕೆಲಸವನ್ನು ಅಲ್ಲಿಂದ ಮಾಡಿಸುವುದು ಇನ್ನೂ ಕಷ್ಟ.

ಪ್ರಶ್ನೆ: ಕಚೇರಿ ಹೊರಗೆ ಒಬ್ಬರು, ನಾನು ಮಾಡಿಸಿಕೊಡ್ತೀನಿ, ಸಾಲಿನಲ್ಲಿ ನಿಲ್ಲೋದು ಬೇಡ ಅಂತಾರೆ. ಇವರೂ ಸ್ವಯಂಸೇವಕರೇನಾ?

ಉತ್ತರ: ಅಲ್ಲ, ಅವರು ಏಜೆಂಟ್. ಎಲ್ಲ ಏಜೆಂಟರೂ ಕಳ್ಳರು ಅನ್ನಲ್ಲ, ಎಷ್ಟೋ ಕಂಪನಿಗಳೇ ಏಜೆಂಟರ ಕೈಲಿ ಮಾಡಿಸುತ್ತವೆ, ನಮ್ಮ ಆರ್‌ಟಿಒ ಮುಂದೆ ಇರುವ ಹಾಗೆ. ಆದರೆ ಕೆಲವು ವೀಸಾಗೆ ಬ್ಯಾಂಕಿನಲ್ಲಿ ಇಷ್ಟು ದುಡ್ಡಿದೆ ಅಂತ ತೋರಿಸಬೇಕು, ಅದಕ್ಕೆ ಇಲ್ಲದ ದುಡ್ಡನ್ನು ಇದೆ ಅಂತ ತೋರಿಸುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಮುದ್ರೆ ಇರುವುದು ನಿಮ್ಮ ಪಾಸ್‌ಪೋರ್ಟಿನಲ್ಲಿ, ಸಿಕ್ಕಿಬೀಳುವುದೂ ನೀವೇ. ಸ್ವಯಂಸೇವಕರು ದುಡ್ಡು ಕೇಳುವುದಿಲ್ಲ, ಪಾಸ್‌ಪೋರ್ಟ್ ಮನೆಗೆ ಒಯ್ಯುವುದಿಲ್ಲ, ಖಂಡಿತ ಆಗುತ್ತೆ ಅಂತ ಮಾತು ಕೊಡುವುದೂ ಇಲ್ಲ.

ಪ್ರಶ್ನೆ: ಮಗ ಬ್ಯಾಂಕಾಕಿನಲ್ಲಿದ್ದಾನೆ. ತೊಂಬತ್ತು ದಿನಕ್ಕೊಮ್ಮೆ ಹಾಜರಿ ಹಾಕಬೇಕು ಅಂತಾನೆ. ಏನಾದರೂ ತಪ್ಪು ಮಾಡಿಕೊಂಡಿದ್ದಾನಾ ಅಂತ ಭಯ. ನೀವೇ ಹೇಳಿ. (ಹುಬ್ಬಳ್ಳಿಯ ಒಬ್ಬ ತಾಯಿ)

ಉತ್ತರ: ಅಯ್ಯೋ, ಏನೂ ತಪ್ಪಿಲ್ಲ ಅಮ್ಮಾ. ದೀರ್ಘ ವೀಸಾದಲ್ಲಿ ಇರುವವರು 90 ದಿನಕ್ಕೊಮ್ಮೆ ನಾನು ಈ ವಿಳಾಸದಲ್ಲೇ ಇದ್ದೇನೆ ಅಂತ ತಿಳಿಸಬೇಕು. 1979ರ ಅವರ ಇಮಿಗ್ರೇಶನ್ ಕಾಯ್ದೆಯಲ್ಲೇ ಇದೆ. ಗಡುವಿಗೆ 15 ದಿನ ಮೊದಲಿಂದ 7 ದಿನ ಆಮೇಲಿನವರೆಗೆ ಯಾವಾಗ ಬೇಕಾದರೂ ಕಚೇರಿಗೆ ಹೋಗಿ ಕೊಡಬಹುದು. ಆನ್‌ಲೈನ್‌ನಲ್ಲೂ ಆಗುತ್ತದೆ, ಅಂಚೆಯಲ್ಲೂ ಆಗುತ್ತದೆ, ಆದರೆ ಅವನ್ನು ಗಡುವಿಗೆ ಮೊದಲೇ ಮಾಡಬೇಕು. ತಡ ಮಾಡಿದರೆ 2,000 ಬಾತ್ ದಂಡ, ಜೈಲೇನೂ ಇಲ್ಲ. ನಡುವೆ ಊರಿಗೆ ಬಂದು ಹೋದರೆ ಲೆಕ್ಕ ಮತ್ತೆ ಒಂದರಿಂದ ಶುರು.

ಮಗನಿಗೆ ಒಂದು ಮಾತು ಹೇಳಿ. ಯುಗಾದಿಗೆ, ಗಣೇಶನ ಹಬ್ಬಕ್ಕೆ ಅಂತ ಟಿಕೆಟ್ ತೆಗೆಯುವ ಮೊದಲು ರೀ-ಎಂಟ್ರಿ ಪರ್ಮಿಟ್ ಮಾಡಿಸಿಕೊಳ್ಳಲಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಓಡಾಡಲು 3,800. ಅದಿಲ್ಲದೆ ದೇಶ ಬಿಟ್ಟರೆ ಒಂದು ವರ್ಷಕ್ಕೆ ಮಾಡಿಸಿಕೊಂಡ ಅನುಮತಿ ವಿಮಾನ ಹತ್ತಿದ ಕ್ಷಣಕ್ಕೇ ಮುಗಿಯಿತು. ಅಪ್ಪನಿಗೆ ಹುಷಾರಿಲ್ಲ ಅಂತ ರಾತ್ರೋರಾತ್ರಿ ಹೊರಟವರು ಇದನ್ನು ಮರೆಯುತ್ತಾರೆ, ಸಹಜ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೇ ಅದಕ್ಕೊಂದು ಕೌಂಟರ್ ಇದೆ, ಅದು ನೆನಪಿದ್ದರೆ ಸಾಕು.

ಪ್ರಶ್ನೆ: ನನಗೆ 61. ಬ್ಯಾಂಕಿನಿಂದ ನಿವೃತ್ತಿ, ಶಿವಮೊಗ್ಗದಲ್ಲಿದ್ದೇನೆ. ಹೆಂಡತಿ ಜೊತೆ ಒಂದೆರಡು ವರ್ಷ ಚಿಯಾಂಗ್ ಮಾಯ್‌ನಲ್ಲಿ ಇರುವ ಆಸೆ. ಸುಮ್ನೆ ಕೂರುವ ಬದಲು ಅಂಥ ಕಚೇರಿಯಲ್ಲಿ ಭಾರತೀಯರಿಗೆ ಫಾರಂ ತುಂಬಿಸಲು ನೆರವಾಗಬಹುದಾ?

ಉತ್ತರ: ಆಸೆ ಚೆನ್ನಾಗಿದೆ ಸರ್, ಜೀವನವಿಡೀ ಚಲನ್ ತಿದ್ದಿಸಿದವರು ನೀವು, ನಿಮಗಿಂತ ಬೇಕಾ? ಮೊದಲು ಇರುವ ವಿಷಯ. 50 ದಾಟಿದವರಿಗೆ ನಿವೃತ್ತಿಯ ಮೇಲೆ ವರ್ಷ ವರ್ಷ ಅನುಮತಿ ಕೊಡುತ್ತಾರೆ. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ನಮ್ಮ ದುಡ್ಡಿನಲ್ಲಿ 20 ಲಕ್ಷದ ಮೇಲೆ. ಇಲ್ಲವಾದರೆ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. ಇಟ್ಟ ದುಡ್ಡು ಅರ್ಜಿಗೆ ಎರಡು ತಿಂಗಳು ಮೊದಲೇ ಇರಬೇಕು, ಅನುಮತಿ ಸಿಕ್ಕಿ ಮೂರು ತಿಂಗಳವರೆಗೆ ಮುಟ್ಟುವಂತಿಲ್ಲ, ಆಮೇಲೂ 4 ಲಕ್ಷಕ್ಕಿಂತ ಕೆಳಗಿಳಿಸುವಂತಿಲ್ಲ. ಮಗಳ ಮದುವೆಗೆ ಅಂತ ಎತ್ತಿಟ್ಟ ದುಡ್ಡಾದರೆ ಯೋಚನೆ ಮಾಡಿ.

ಸೇವೆಯ ಮಾತು ಸ್ವಲ್ಪ ಸೂಕ್ಷ್ಮ. ನಿವೃತ್ತಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಮತ್ತು ಅಲ್ಲಿನ ಕಾನೂನಿನಲ್ಲಿ ಸಂಬಳ ತೆಗೆದುಕೊಳ್ಳದಿದ್ದರೂ ಅದು ಕೆಲಸವೇ ಅಂತ ಬಹಳ ಕಾಲ ಲೆಕ್ಕವಿತ್ತು. ಹಾಗಾಗಿ ನೀವಾಗಿಯೇ ಹೋಗಿ ಬಾಗಿಲಲ್ಲಿ ನಿಂತು ಫಾರಂ ತುಂಬಿಸಲು ಶುರು ಮಾಡಬೇಡಿ. ಒಳಗೆ ಹೋಗಿ ಕೇಳಿ, ಕಚೇರಿಯವರೇ ಸೇರಿಸಿಕೊಂಡರೆ ಕಾಗದದಲ್ಲಿ ಬರೆಸಿಕೊಳ್ಳಿ. ಬೇಡ ಅಂದರೆ ಮನೆಯಲ್ಲಿ ಕಾಫಿಗೆ ಕರೆದು, ನಮ್ಮ ಹುಡುಗರ ಕಾಗದ ನೋಡಿ ಕಳಿಸಿ. ಎಚ್.ಎಸ್. ಅಂದರೆ ಏನು ಅಂತ ಗೊತ್ತಿರುವ ಒಬ್ಬರು ಬೇಕಿತ್ತು ಅಂತ ನಾನೇ ಎಷ್ಟು ಸಲ ಅಂದುಕೊಂಡಿದ್ದೆನೋ.

ಪ್ರಶ್ನೆ: ನಾವು ಮೈಸೂರಿನ ಗೋಕುಲಂನಲ್ಲಿ ಮಹಡಿ ಮನೆಯನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೊಡುತ್ತೇವೆ. ಅವರಿಗೆ ನಮ್ಮಲ್ಲಿ ನೆರವಾಗುವ ಸ್ವಯಂಸೇವಕರು ಯಾರಿದ್ದಾರೆ?

ಉತ್ತರ: ನೀವೇ ಇದ್ದೀರಲ್ಲ! ಗೋಕುಲಂನಲ್ಲಿ ಮನೆ ಓನರ್ ಆಂಟಿಯರೇ ಅರ್ಧ ಇಮಿಗ್ರೇಶನ್ ಕಚೇರಿ. ತಮಾಷೆ ಬಿಡಿ, ಇದರಲ್ಲಿ ನಿಮ್ಮದೇ ಒಂದು ಜವಾಬ್ದಾರಿ ಇದೆ. ವಿದೇಶಿ ನಿಮ್ಮ ಮನೆಗೆ ಬಂದ 24 ಗಂಟೆಯೊಳಗೆ ನೀವು ಆನ್‌ಲೈನ್‌ನಲ್ಲಿ ತಿಳಿಸಬೇಕು. ಎಲ್ಲರೂ ಫಾರಂ ಸಿ ಅಂತ ಕರೆಯುವುದು ಇದನ್ನೇ. ಹೋಟೆಲಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ, ಹಾಗಲ್ಲ, ಮನೆಯ ಒಂದು ರೂಮು ಕೊಟ್ಟರೂ ಕೊಡಬೇಕು. ಥಾಯ್ಲೆಂಡಿನಲ್ಲೂ ಇದೇ ನಿಯಮ, ಟಿಎಂ 30 ಅಂತ, ಅದೇ 24 ಗಂಟೆ. ಅಲ್ಲಿ ನಮ್ಮ ಮನೆ ಓನರ್ ಅದನ್ನು ಕೊಡದೆ ನನ್ನ ಅರ್ಜಿ ಒಂದು ಸಲ ನಿಂತುಹೋಗಿತ್ತು, ಆಮೇಲೆ ಆಕೆಗೆ ಮಾವಿನಹಣ್ಣು ಒಯ್ದು ಕೊಟ್ಟು ಮಾಡಿಸಿಕೊಂಡೆ. ನಿಮ್ಮ ಬಾಡಿಗೆದಾರರನ್ನು ಆ ಪಾಡಿಗೆ ತಳ್ಳಬೇಡಿ.

180 ದಿನಕ್ಕಿಂತ ಜಾಸ್ತಿಯ ವೀಸಾದಲ್ಲಿ ಬಂದವರು 14 ದಿನದೊಳಗೆ ನೋಂದಣಿ ಮಾಡಿಸಬೇಕಾಗುತ್ತದೆ. ಅದಕ್ಕೆ ಈಗ ಮೊದಲಿನ ಹಾಗೆ ಕಚೇರಿಗೆ ಅಲೆಯಬೇಕಿಲ್ಲ, 2018ರಿಂದ ಇ-ಎಫ್‌ಆರ್‌ಆರ್‌ಒ ಅಂತ ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ವ್ಯವಸ್ಥೆ ಇದೆ. ಅವರ ಕೈಲಿ ಬಾಡಿಗೆ ಕರಾರು ಬೇಕು, ನಿಮ್ಮ ಕರೆಂಟ್ ಬಿಲ್ ಕೂಡ ಕೇಳಬಹುದು. ಬಿಲ್ ಇನ್ನೂ ನಿಮ್ಮ ಮಾವನವರ ಹೆಸರಿನಲ್ಲೇ ಇದೆಯಾ, ಮೊದಲು ಅದನ್ನು ನೋಡಿಕೊಳ್ಳಿ.