ನೀವು ಮರೆಯದ ತಮಾಷೆಯ ಮಾತು ಯಾವುದು? ನಾನು ಕತ್ತಲಲ್ಲಿ ಕೇಳಿದ್ದು

ಸಿನಿಮಾದ್ದೋ, ಹೆಸರಾಂತ ಹಾಸ್ಯಗಾರರದ್ದೋ, ತಲೆಯಿಂದ ಹೋಗದ ಒಂದು ಮಾತು ಹೇಳಿ ಅಂತ ಕೇಳಿದ್ದೀರಿ. ನನ್ನದು ಸಿನಿಮಾದ್ದೂ ಅಲ್ಲ, ಪುಸ್ತಕದ್ದೂ ಅಲ್ಲ. ಉಡುಪಿ ಹತ್ತಿರ ನಮ್ಮೂರಿನ ಗದ್ದೆಯಲ್ಲಿ, ಯಕ್ಷಗಾನದ ಆಟದಲ್ಲಿ ಕೇಳಿದ್ದು.

ಆಗ ನಾನು ಒಂಬತ್ತನೇ ಕ್ಲಾಸು. ಪತ್ತನಾಜೆಗೆ ಇನ್ನು ನಾಲ್ಕೈದು ದಿನ ಇತ್ತು. ಮೇ ಕೊನೆಗೆ ಬರುವ ಆ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ವರ್ಷದ ತಿರುಗಾಟ ಮುಗಿಯುತ್ತದೆ. ಮೋಡ ಕಟ್ಟಿತ್ತು, ದೂರದಲ್ಲಿ ಗುಡುಗು. ರಂಗಸ್ಥಳದಲ್ಲಿ ಕಾರ್ತವೀರ್ಯ ಬಿಲ್ಲು ಹಿಡಿದುಕೊಂಡು ಕೊಚ್ಚಿಕೊಳ್ಳುತ್ತಿದ್ದ. "ಮೂರು ಲೋಕಕ್ಕೂ ಬೆಳಕಿರುವುದು ನನ್ನ ತೇಜಸ್ಸಿನಿಂದ!" ಅಂದದ್ದೇ ತಡ, ಕರೆಂಟು ಹೋಯಿತು.

ಚೆಂಡೆ ನಿಂತಿತು. ಚರುಮುರಿ ಅಂಗಡಿಯ ಗ್ಯಾಸ್‌ಲೈಟು ಬಿಟ್ಟರೆ ಏನೂ ಕಾಣುವುದಿಲ್ಲ. ಆಗ ಹಾಸ್ಯಗಾರನ ಸ್ವರ ಬಂತು.

"ಪ್ರಭೂ, ಬಿಲ್ಲು ಎಲ್ಲಿ?"

ರಾಜ ಗತ್ತು ಬಿಡಲಿಲ್ಲ. "ನನ್ನ ಕೈಯಲ್ಲೇ ಇದೆಯಲ್ಲವೋ ಮೂಢ!"

"ಅದಕ್ಕೇ ಪ್ರಭೂ ಹೀಗಾದದ್ದು. ಕೈಯಲ್ಲೇ ಉಂಟು, ಕಟ್ಟಲಿಲ್ಲ."

ಇಡೀ ಗದ್ದೆ ನಕ್ಕಿತು. ನನ್ನ ಪಕ್ಕ ಕೂತಿದ್ದ ಮಾವನಿಗೆ ಮಾತ್ರ ಸ್ವಲ್ಪ ತಡವಾಗಿ ಹೊಳೆಯಿತು. ಜನರೇಟರ್ ಶುರುವಾಗಿ, ಭಾಗವತರು ಮುಂದಿನ ಪದ್ಯ ಎತ್ತಿಕೊಂಡ ಮೇಲೆ ಅವರೊಬ್ಬರೇ ನಗುತ್ತಿದ್ದರು.

ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಮಾತನ್ನೆಲ್ಲ ವೇಷಧಾರಿಯೇ ಅಲ್ಲಲ್ಲೇ ಕಟ್ಟಬೇಕು. ಅದೂ ಇಂಗ್ಲಿಷ್ ನುಸುಳದ ಹಾಗೆ. ಪುರಾಣದ ರಾಜ ಬಾಯಿ ತಪ್ಪಿ 'ಟೈಮ್' ಅಂದರೂ ಎದುರು ಸಾಲಿನ ಹಿರಿಯರು ಮುಖ ಸಿಂಡರಿಸುತ್ತಾರೆ. ಈ ಪುಣ್ಯಾತ್ಮ ಒಂದೇ ಒಂದು ಇಂಗ್ಲಿಷ್ ಪದ ಆಡಲಿಲ್ಲ ನೋಡಿ. ಬಿಲ್ಲು ಅಪ್ಪಟ ಕನ್ನಡ. ಕರೆಂಟ್ ಬಿಲ್ಲು ಹುಟ್ಟಿದ್ದು ನಮ್ಮ ತಲೆಯಲ್ಲಿ. ಅರ್ಧ ಜೋಕನ್ನು ರಾಜನ ಬಾಯಿಂದಲೇ ಹೇಳಿಸಿದ್ದು ಇನ್ನೊಂದು ಕಿಲಾಡಿತನ.

ಹಾಸ್ಯ ಸಾಹಿತಿ ಬೀಚಿ ಆಡುತ್ತಿದ್ದದ್ದೂ ಕನ್ನಡ-ಇಂಗ್ಲಿಷ್ ನಡುವಿನ ಇದೇ ಬೇಲಿಯ ಮೇಲೆ ಅಲ್ವಾ? ಆತ್ಮಕಥೆಗೆ 'ನನ್ನ ಭಯಾಗ್ರಫಿ' ಅಂತ ಹೆಸರಿಟ್ಟರು. ಒಂದಕ್ಷರ ಬದಲಾಯಿತು, ಒಳಗೆ ಭಯ ಬಂದು ಕೂತಿತು. ತಮ್ಮ ಹೆಸರನ್ನೂ ಅರ್ಧ ಕನ್ನಡ ಅಕ್ಷರದಲ್ಲಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ ಮನುಷ್ಯ. ನಾ. ಕಸ್ತೂರಿಯವರ ತಮಾಷೆಯ ನಿಘಂಟು 'ಅನರ್ಥಕೋಶ' ಕೂಡ ಹೆಸರಿನಲ್ಲೇ ಗೆದ್ದುಬಿಡುತ್ತದೆ. ನಮ್ಮ ಕುಂದಾಪುರ ಕಡೆಯ ಡುಂಡಿರಾಜರ ಹನಿಗವನಗಳೂ ಇದೇ ಜಾತಿಯವು, ಕೊನೆಯ ಸಾಲಿಗೆ ಬರುವಾಗ ಒಂದು ಪದ ಮಗುಚಿ ಬೀಳುತ್ತದೆ.

ಸಿನಿಮಾದ್ದೇ ಬೇಕು ಅಂದರೆ 2010ರ 'ಪಂಚರಂಗಿ'ಯ 'ಗಳು'. ಅದು ಡೈಲಾಗೂ ಅಲ್ಲ, ಬರೀ ಪ್ರತ್ಯಯ. ಹೀರೋ ಸಿಕ್ಕಿದ್ದಕ್ಕೆಲ್ಲ ಅದನ್ನು ಹಚ್ಚುತ್ತಾನೆ. ಆ ವರ್ಷ ಮಂಗಳೂರಿನ ನಮ್ಮ ರೂಮಿನಲ್ಲಿ ಗಂಜಿಗಳು, ಉಪ್ಪಿನಕಾಯಿಗಳು, ಬಾಕಿ ಬಾಡಿಗೆಗಳು ಅಂತಲೇ ಮಾತು. ಓನರಿಗೆ ಮಾತ್ರ ಕೊನೆಯದರಲ್ಲಿ ತಮಾಷೆ ಕಾಣಲಿಲ್ಲ.

ತುಳು ಸಿನಿಮಾದ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ಇಳಿಸುವ ಸಾಹಸ ಮಾಡುವುದಿಲ್ಲ. ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು ಎಲ್ಲ ನಾಟಕದಿಂದ ಬಂದವರು. ಅವರ ಮಾತಿನ ಅರ್ಧ ರುಚಿ ಎಳೆದು ಹೇಳುವುದರಲ್ಲಿದೆ. ಬರೆದರೆ ಸುಮ್ನೆ ಸಪ್ಪೆಯಾಗುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ಜಾಸ್ತಿ. ಹೋದ ತಕ್ಷಣ ಅಮ್ಮ ಮೇಣದಬತ್ತಿ ಹುಡುಕುವುದಿಲ್ಲ. ಅಡುಗೆಮನೆಯಿಂದ ಅಪ್ಪನನ್ನು "ಪ್ರಭೂ..." ಅಂತ ಕರೆಯುತ್ತಾರೆ, ಅಷ್ಟೇ.